ಎರಡೂ ಕಡೆ ಬರೆದ ಓಟು

ಮೊನ್ನೆ ಪಕ್ಕದ ಮನೆಯ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಆ ಹಸಿ ವಾಸನೆಗೆ ನಮ್ಮ ಹೈಸ್ಕೂಲಿನ ಚರಿತ್ರೆ ಮೇಷ್ಟರು ನೆನಪಾದರು. ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ ಅದು. ಮೊದಲ ಚುನಾವಣೆ ಮುಗಿದು ಮಡಿಕೇರಿಯಲ್ಲಿ ನಮ್ಮವರೇ ಮಂತ್ರಿಗಳಾಗಿ ಕುಳಿತಿದ್ದರು. ಶಾಲೆಗೂ ಹೊಸ ಸುಣ್ಣ ಬಿದ್ದಿತ್ತು.

ಮೇಷ್ಟರು ಕೊಡ್ಲಿಪೇಟೆ ಕಡೆಯವರು. ಫ್ರಾನ್ಸಿನ ಕ್ರಾಂತಿಯ ಪಾಠ ಮಾಡುವಾಗ ಬೋರ್ಡಿನ ನಡುವೆ ಗೆರೆ ಎಳೆದು, ಒಂದು ಕಡೆ ‘ಬದಲಾದದ್ದು’, ಇನ್ನೊಂದು ಕಡೆ ‘ಹಾಗೇ ಉಳಿದದ್ದು’ ಎಂದು ಬರೆಯುತ್ತಿದ್ದರು. ರಾಜ ಹೋದದ್ದು ಎಲ್ಲರಿಗೂ ಕಾಣುತ್ತದೆ, ಆದರೆ ತೆರಿಗೆ ಕೇಳಲು ಬರುವವನು ಹಿಂದಿನವನೇ ಆಗಿದ್ದರೆ ರೈತನ ಪಾಲಿಗೆ ಬದಲಾದದ್ದೆಷ್ಟು? ಅದನ್ನು ತೂಗಿ ನೋಡುವುದೇ ಚರಿತ್ರೆಕಾರನ ಕೆಲಸ ಎನ್ನುತ್ತಿದ್ದರು.

ನಮ್ಮ ರಾಜ್ಯಕ್ಕೂ ಹೀಗೇ ಬರೆಯೋಣ ಎಂದು ಒಂದು ದಿನ ನಮ್ಮನ್ನು ಚೆಟ್ಟಳ್ಳಿ ಹತ್ತಿರದ ಎಸ್ಟೇಟಿಗೆ ಕರೆದುಕೊಂಡು ಹೋದರು. ಅಲ್ಲಿ ನನ್ನ ಅಪ್ಪನೇ ರೈಟರು. ಆಳುಗಳ ಮೇಲ್ವಿಚಾರಣೆ ಅವರದು. ಕೂಲಿಯವರು ಸಾಲಾಗಿ ವಾಸವಿದ್ದ ಲೈನ್ ಮನೆಯ ಮುಂದೆ ಕಾಫಿ ಹಣ್ಣು ಆರಿಸುತ್ತಿದ್ದ ಹೆಂಗಸೊಬ್ಬಳನ್ನು, ಬಿಳಿ ದೊರೆ ಹೋದ ಮೇಲೆ ಏನು ಬದಲಾಯಿತಮ್ಮ ಎಂದು ಮೇಷ್ಟರು ಕೇಳಿದರು. ಆಕೆ ಹಣ್ಣು ಆರಿಸುತ್ತಲೇ ಹೇಳಿದಳು.

“ಓಟು ಹಾಕ್ದೆ ಸ್ವಾಮಿ. ಮಾರ್ನೆ ದಿನ ಅದೇ ರೈಟ್ರು ಅದೇ ಬಾಯಲ್ಲಿ ಬೈದ್ರು.”

ನಾವೆಲ್ಲ ನಕ್ಕೆವು. ಮೇಷ್ಟರು ನಗಲಿಲ್ಲ. ಓಟನ್ನು ಯಾವ ಕಡೆ ಬರೆಯುವುದೆಂದು ಮರುದಿನ ತರಗತಿಯಲ್ಲಿ ಜಗಳವೇ ಆಯಿತು. ಅವರು ಎರಡೂ ಕಡೆ ಬರೆದರು.

ನಾನು ಆ ಹೆಂಗಸಿನ ಮಾತನ್ನು ಮನೆಯಲ್ಲಿ ಅಪ್ಪನಿಗೆ ಹೇಳಿದೆ... ತಮಾಷೆ ಎಂದುಕೊಂಡು. ಅಪ್ಪ ಊಟ ಮುಂದುವರಿಸಿದರು. ವಾರ ಕಳೆಯುವುದರೊಳಗೆ ಆ ಹೆಂಗಸಿನ ಸಂಸಾರವನ್ನು ಲೈನಿನಿಂದ ಹೊರಗೆ ಹಾಕಿದ್ದರು. ಮೇಷ್ಟರು ಅಪ್ಪನನ್ನು ಬೇಡಿಕೊಂಡರು, ಧಣಿಗಳ ಬಾಗಿಲಲ್ಲಿ ನಿಂತರು, ಮಡಿಕೇರಿಗೂ ಅರ್ಜಿ ಬರೆದರು. ಅದಕ್ಕೆ ಉತ್ತರ ಬರಲಿಲ್ಲ. ಬಂದದ್ದು ಅವರಿಗೆ ಗಡಿಯಂಚಿನ ಕುಟ್ಟಕ್ಕೆ ವರ್ಗವಾದ ಕಾಗದ.

ಅವರು ಹೊರಡುವ ದಿನ, ಅಪ್ಪನಿಗೆ ಹೇಳಿದವಳು ನಾನೇ ಎಂದು ಅಳುತ್ತಾ ಒಪ್ಪಿಕೊಂಡೆ.

“ನಿಂದೇನೂ ತಪ್ಪಿಲ್ಲ ತಾಯಿ. ಸತ್ತೋರ್ ವಿಷ್ಯದಲ್ಲಿ ಕೇಳೋ ಪ್ರಶ್ನೆನ ಬದುಕಿರೋರ್ನ ಕೇಳಿದ್ನಲ್ಲ, ತಪ್ಪು ನಂದು.”

ಕುಟ್ಟದಲ್ಲಿ ಅವರು ಪುಸ್ತಕದಲ್ಲಿದ್ದಷ್ಟನ್ನೇ ಓದಿಸಿ ಸುಮ್ಮನಾಗುತ್ತಿದ್ದರಂತೆ. ಬೋರ್ಡಿನ ಹತ್ತಿರ ಹೋಗುತ್ತಲೇ ಇರಲಿಲ್ಲವಂತೆ. ಕೊಡಗು ಮೈಸೂರಿಗೆ ಸೇರಿದ ವರ್ಷವೇ ಇರಬೇಕು... ಅಲ್ಲೇ ತೀರಿಕೊಂಡರು.

ಅಪ್ಪ ಅದೇ ಎಸ್ಟೇಟಿನಲ್ಲಿ ಕೊನೆಯವರೆಗೂ ರೈಟರಾಗಿದ್ದರು. ಅವರ ದುಡಿಮೆಯಲ್ಲೇ ಓದಿ ನಾನೂ ಚರಿತ್ರೆಯ ಟೀಚರಾದೆ. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಮಕ್ಕಳನ್ನು ಯಾವ ಲೈನಿಗೂ ಕರೆದುಕೊಂಡು ಹೋಗಲಿಲ್ಲ. ಆ ಹೆಂಗಸು ಎಲ್ಲಿಗೆ ಹೋದಳೋ ತಿಳಿಯದು. ಆಕೆಯ ಹೆಸರನ್ನು ಅವತ್ತು ನಾವ್ಯಾರೂ ಕೇಳಿರಲಿಲ್ಲ. ಈಗ ಕೇಳೋಣವೆಂದರೆ, ಗೊತ್ತಿದ್ದವರು ಯಾರೂ ಉಳಿದಿಲ್ಲ.