ಬದುವಿನ ಮಣ್ಣು

ನಮ್ಮ ಬಡಾವಣೆಯ ಸಮುದಾಯ ಭವನಕ್ಕೆ ಮೂರ್ನಾಲ್ಕು ಜನ ಹುಡುಗ ಹುಡುಗಿಯರು ಮಣ್ಣಿನ ಚೀಲ ಹೊತ್ತುಕೊಂಡು ಬಂದಾಗ ನಾನು ಮೊದಲು ನಕ್ಕುಬಿಟ್ಟಿದ್ದೆ. ಕೆಂಗೇರಿಯಿಂದ ರಾಜಾಜಿನಗರದವರೆಗೆ ಇದ್ದ ಹಳೆಯ ಹಳ್ಳಿಗಳ ಹೊಲ, ಕೆರೆ, ತೋಪುಗಳನ್ನೆಲ್ಲ ಒಂದು ದೊಡ್ಡ ಬಟ್ಟೆಯ ಮೇಲೆ ಮೂಡಿಸುವುದು ಅವರ ಯೋಜನೆ. ಆಯಾ ಊರಿನ ಮಣ್ಣಿನಿಂದಲೇ ಬಣ್ಣ, ಆಯಾ ಊರಿನ ಹೆಂಗಸರಿಂದಲೇ ಕಸೂತಿ. ಮಣ್ಣು ಎಲ್ಲಿ ಸಿಕ್ಕಿತು ಎಂದು ಕೇಳಿದೆ. ಅಪಾರ್ಟ್‌ಮೆಂಟಿಗೆ ಪಾಯ ತೋಡುತ್ತಿದ್ದ ಕಡೆ ಬೇಡಿ ತಂದರಂತೆ. ಮೇಲೆಲ್ಲ ಕಟ್ಟಡದ ಕಸ, ಹತ್ತಡಿ ಕೆಳಗೆ ಹೋದರೆ ನಮ್ಮೂರು ಇನ್ನೂ ಕೆಂಪಗೇ ಇದೆ. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ವಾರವೆಲ್ಲ ಕಾಲರ್ ಹೊಲಿಯುವ ಹೆಂಗಸರು ಭಾನುವಾರ ಇಲ್ಲಿಗೆ ಬಂದು ಹೊಂಗೆ ಮರ ಹೊಲಿಯುತ್ತಿದ್ದರು. ರಜೆಯ ದಿನವೂ ಸೂಜಿಯೇ ಬೇಕಾ ನಿಮಗೆ ಎಂದು ಛೇಡಿಸಿದರೆ, "ಇಲ್ಲಿ ಸೂಪರ್‌ವೈಸರ್ ಇಲ್ವಲ್ಲ ಅಕ್ಕಾ" ಎಂದು ನಕ್ಕರು.

"ಆಂಟಿ, ನಿಮ್ ಹೊಲ ಎಲ್ಲಿತ್ತು ಅಂತ ತೋರಿಸ್ತೀರಾ?" ಎಂದು ತಂಡದ ಕನ್ನಡಕದ ಹುಡುಗಿ ಕೇಳಿದಾಗ ನನ್ನ ನಗು ನಿಂತಿತು. ನಮ್ಮ ಹೊಲದ ಮೇಲೆ ಈಗ ಒಂದು ಬ್ಯಾಂಕು, ಒಂದು ದರ್ಶಿನಿ, ನಾಲ್ಕು ಸಾಲು ಮನೆಗಳಿವೆ. ಬಸ್ಸು ಕುರುಬರಹಳ್ಳಿ ಕಡೆಗೆ ತಿರುಗುವಾಗ ಇಂದಿಗೂ ನಾನು ಕಿಟಕಿಯಿಂದ ಇಣುಕಿ, ಇಲ್ಲಿ ರಾಗಿ, ಇಲ್ಲಿ ಅವರೆ, ಇಲ್ಲಿ ಹುಚ್ಚೆಳ್ಳು ಎಂದು ಮನಸ್ಸಿನಲ್ಲೇ ಬಿತ್ತಿಕೊಂಡು ಹೋಗುತ್ತೇನೆ. ಪಕ್ಕದವರಿಗೆ ಗೊತ್ತಾದರೆ ತಲೆ ಕೆಟ್ಟಿದೆ ಅಂದಾರು.

ಆ ಹೊಲ ತಾತನದು. ತಾತ ಹೋದ ಮೇಲೆ ಅಪ್ಪನಿಗೆ ಅರ್ಧ, ಚಿಕ್ಕಪ್ಪನಿಗೆ ಅರ್ಧ. ನಡುವೆ ಮೊದಲಿನಿಂದ ಇದ್ದ ಬದುವೇ ಗಡಿಯಾಯಿತು. ಎರಡೂ ಕೈ ಚಾಚಿದಷ್ಟು, ಮಾರಗಲದ ಬದು, ಮೇಲೆ ಮೆತ್ತನೆ ಗರಿಕೆ. ಮಧ್ಯಾಹ್ನದ ಹೊತ್ತಿಗೆ ಅವ್ವನೂ ಚಿಕ್ಕವ್ವನೂ ಮುದ್ದೆ, ಉಪ್ಪುಸಾರು ಹೊತ್ತು ತಂದು ಎರಡೂ ಮನೆಯವರಿಗೆ ಅಲ್ಲೇ ಬಡಿಸುತ್ತಿದ್ದರು. ಚಿಕ್ಕವ್ವನಿಗೆ ಆಗಿನ್ನೂ ಮಕ್ಕಳಿರಲಿಲ್ಲ, ನಾನೇ ಅವಳ ಮಗು. ಅವಳ ತೊಡೆಯ ಮೇಲೆ ಕೂತು ಉಂಡು, ಅವಳ ಸೆರಗಿಗೇ ಕೈ ಒರೆಸಿ, ಅಲ್ಲೇ ನಿದ್ದೆ ಹೋಗುತ್ತಿದ್ದೆ. ಅಂಥ ನಿದ್ದೆ ಆಮೇಲೆ ಬಂದಿಲ್ಲ.

ಮಣ್ಣಿನ ಒಲೆ ಹಾಕುವುದರಲ್ಲಿ ಈ ಓರಗಿತ್ತಿಯರ ಜೋಡಿ ಊರಿಗೇ ಹೆಸರುವಾಸಿ. ಅವರು ಹಾಕಿದ ಒಲೆ ಬಿರುಕು ಬಿಡುತ್ತಿರಲಿಲ್ಲ. ಸಂಕ್ರಾಂತಿಗೂ ಗೌರಿಹಬ್ಬಕ್ಕೂ ಮುಂಚೆ ಮನೆಮನೆಯಿಂದ ಕರೆ ಬರುತ್ತಿತ್ತು. ಒಲೆ ಒಣಗಿದ ಮೇಲೆ ಕೆಮ್ಮಣ್ಣು ಸಾರಿಸಿ ಸುಣ್ಣದಲ್ಲಿ ಚಿತ್ತಾರ ಬರೆಯುತ್ತಿದ್ದರು. ಚಿಕ್ಕವ್ವ ಎಳೆದ ಬಳ್ಳಿ ಎಲ್ಲೂ ಕೈಬಿಡದೆ ಒಲೆಯನ್ನೆಲ್ಲ ಸುತ್ತಿ, ಹೊರಟ ಕಡೆಗೇ ಬಂದು ಸೇರುತ್ತಿತ್ತು. ಮಣ್ಣು ತರುವುದು ಮಾತ್ರ ಮುಂಜಾನೆ, ಗಂಡಸರು ಏಳುವ ಮೊದಲು. ನನ್ನ ತಲೆಯ ಮೇಲೂ ಒಂದು ಪುಟ್ಟ ಬುಟ್ಟಿ ಇರುತ್ತಿತ್ತು.

ಒಂದು ಮುಂಗಾರಿನಲ್ಲಿ ಉಳಲು ಹೋದ ಅಪ್ಪ ಬದು ನೋಡಿ ನಿಂತುಬಿಟ್ಟ. ಮಾರಗಲ ಇದ್ದದ್ದು ಮೊಳದಷ್ಟಾಗಿತ್ತು. ಆಚೆ ಮಗ್ಗುಲು ಸವೆದಿದೆ, ತಮ್ಮ ವರ್ಷಕ್ಕೊಂದು ಸಾಲು ಒತ್ತಿ ಉತ್ತಿದ್ದಾನೆ ಎಂದ. ಚಿಕ್ಕಪ್ಪ ತನ್ನ ಹೊಲದಲ್ಲಿ ನಿಂತು ನೋಡಿ, ಸವೆದಿರುವುದು ಅಣ್ಣನ ಮಗ್ಗುಲು, ಒತ್ತಿದ್ದು ಅವನೇ ಎಂದ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು. ಕೈ ಕೈ ಮಿಲಾಯಿಸಿದರು, ಪಂಚಾಯ್ತಿ ಸೇರಿತು, ಮನೆಯ ನಡುವೆ ಗೋಡೆ ಎದ್ದಿತು. ಕೆಲವೇ ವರ್ಷಗಳಲ್ಲಿ ಬಡಾವಣೆ ಬಂದು ಹೊಲ, ಬದು ಎರಡನ್ನೂ ನುಂಗಿತು. ಜಗಳವನ್ನು ಮಾತ್ರ ಯಾರೂ ಸ್ವಾಧೀನಪಡಿಸಿಕೊಳ್ಳಲಿಲ್ಲ. ಅದು ಎರಡು ರಸ್ತೆ ಆಚೀಚೆಯ ಎರಡು ಮನೆಗಳಲ್ಲಿ ಸುಖವಾಗಿ ಬಾಳಿತು.

ಚಿಕ್ಕಪ್ಪ ಹೋದ, ಆಮೇಲೆ ಅಪ್ಪ. ಅಪ್ಪ ಕೊನೆಯಲ್ಲಿ ನನ್ನ ಕೈ ಹಿಡಿದು, "ಆ ಮನೆಯೋರು ನಮ್ ಹೊಸಿಲು ತುಳೀಬಾರ್ದು ಕಣವ್ವ" ಅಂದಿದ್ದ. ಎಂಟು ವರ್ಷದ ಹಿಂದೆ ಅವ್ವ ತೀರಿಕೊಂಡಾಗ ಚಿಕ್ಕವ್ವ ಬಂದಳು. ನಾನು ಗೇಟಿಗೆ ಕೈ ಅಡ್ಡ ಇಟ್ಟೆ. ಅವಳು ಎದುರಿನ ಅಂಗಡಿಯ ಮುಂದೆ ಹೋಗಿ ನಿಂತಳು. ಹೆಣ ಎತ್ತುವವರೆಗೂ ಅಲ್ಲೇ ನಿಂತಿದ್ದಳು. ಆ ಕೈಯ ಬಗ್ಗೆ ನನಗೆ ನಾಚಿಕೆಯಾಗದ ದಿನವಿಲ್ಲ. ತಪ್ಪಾಯಿತು ಅನ್ನಲೆಂದು ಎಷ್ಟೋ ಸಲ ಅವಳ ಬೀದಿಯ ತುದಿಯವರೆಗೆ ಹೋಗಿ, ಅಲ್ಲಿ ತರಕಾರಿ ಕೊಂಡು ವಾಪಸು ಬಂದಿದ್ದೇನೆ.

ಮೂರನೆಯ ಭಾನುವಾರ ಚಿಕ್ಕವ್ವ ಸೊಸೆಯ ತೋಳು ಹಿಡಿದು ಸಮುದಾಯ ಭವನಕ್ಕೆ ಬಂದಳು. ಎಂಬತ್ತರ ಹತ್ತಿರ, ಬೆನ್ನು ಬಾಗಿದೆ. ಕನ್ನಡಕದ ಹುಡುಗಿಗೆ ನಮ್ಮ ಪುರಾಣ ಏನು ಗೊತ್ತು? "ಇಬ್ರದೂ ಅಕ್ಕಪಕ್ಕದ ಹೊಲ ಅಲ್ವಾ, ಎದುರುಬದುರು ಕೂತ್ಕೊಳಿ" ಎಂದು ಬಟ್ಟೆಯ ಎರಡು ಬದಿಗೆ ನಮ್ಮನ್ನು ಕೂರಿಸಿಬಿಟ್ಟಳು. ನಾನು ನಮ್ಮ ರಾಗಿ ಹೊಲ ಹೊಲಿದೆ, ಅವಳು ಅವಳ ಅವರೆ. ಮುಖ ನೋಡಲು ಧೈರ್ಯ ಸಾಲದೆ ಅವಳ ಬೆರಳುಗಳನ್ನೇ ನೋಡುತ್ತಿದ್ದೆ. ಗಾರ್ಮೆಂಟ್ಸಿನ ಹೆಂಗಸರಿಗೆ ಅವರೆ ಹೂವಿನ ಬಣ್ಣ ಬಿಳಿಯೊಂದೇ ಅಲ್ಲ, ಊದಾ ಕೂಡ ಉಂಟು ಎಂದು ತಾಳ್ಮೆಯಿಂದ ಹೇಳಿಕೊಡುತ್ತಿದ್ದಳು. ಆ ದನಿ ಒಂದಿಷ್ಟೂ ಬದಲಾಗಿರಲಿಲ್ಲ. ಈಗ ಹೇಳಿಬಿಡಬೇಕು ಎಂದುಕೊಂಡೆ.

ಅಷ್ಟರಲ್ಲಿ ಹುಡುಗಿ ನನ್ನ ಕೈಗೆ ಸೀಮೆಸುಣ್ಣ ಕೊಟ್ಟು ಕೇಳಿದಳು, "ಆಂಟಿ, ಮಧ್ಯದ ಬದು ಎಷ್ಟು ಅಗಲ ಇತ್ತು?"

ನಾಚಿಕೆ ಒಳಗಿದ್ದರೆ ನಾಲಿಗೆ ಹೊರಗೆ ಕುಣಿಯುತ್ತದೆ. "ಮಾರಗಲ ಇತ್ತಮ್ಮ, ಯಾರೋ ತಿಂದು ಹಾಕೋವರೆಗೂ" ಎಂದೆ, ಎದುರಿನವಳಿಗೆ ಕೇಳುವ ಹಾಗೆ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಚಿಕ್ಕವ್ವ ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿಟ್ಟಳು.

"ತಿಂದೋಳು ನಾನೇ. ನಿಮ್ಮವ್ವನೂವೆ" ಎಂದಳು. "ಉತ್ತಿರೋ ಮಣ್ಣಲ್ಲಿ ಗೊಬ್ಬರ, ಕೂಳೆ ಇರ್ತದೆ, ಒಲೆ ಸೀಳ್ತದೆ. ಬದುನ ಮಣ್ಣು ಬೆಣ್ಣೆ ಇದ್ದಂಗೆ. ಒಂದ್ ಬೆಳಿಗ್ಗೆ ನಿಮ್ ಕಡೆಯಿಂದ, ಒಂದ್ ಬೆಳಿಗ್ಗೆ ನಮ್ ಕಡೆಯಿಂದ, ನ್ಯಾಯವಾಗೇ ತಗೀತಿದ್ವಿ. ಬುಟ್ಟಿ ಹೊತ್ತೋಳು ನೀನೂ ಇದ್ಯಲ್ಲ."

ಹಾಗಾದರೆ ಎರಡೂ ಮಗ್ಗುಲು ಸವೆದಿತ್ತು. ಅಪ್ಪ ಕಂಡದ್ದೂ ನಿಜ, ಚಿಕ್ಕಪ್ಪ ಕಂಡದ್ದೂ ನಿಜ. ಊರಿನ ಅರ್ಧ ಮನೆಗಳ ಒಲೆಯಾಗಿ ಕೂತಿದ್ದ ಬದುವಿಗಾಗಿ ಇಬ್ಬರೂ ಬದುಕಿರುವವರೆಗೆ ಮುಖ ತಿರುಗಿಸಿಕೊಂಡರು.

"ಹೇಳಬಾರದಿತ್ತಾ ಚಿಕ್ಕವ್ವ?" ಎಂದೆ. ಎಷ್ಟೋ ವರ್ಷಗಳ ನಂತರ ಅವಳಿಗೆ ಆಡಿದ ಮೊದಲ ಮಾತು ಅದು.

"ಬದುಗೆ ಗುದ್ದಲಿ ಹಾಕ್ಬಾರ್ದು ಅಂತ ನಿಮ್ ತಾತನ ಕಾಲದಿಂದ್ಲೂ ಕಟ್ಟಪ್ಪಣೆ. ಅದ್ಕೇ ಕದ್ದು ತರ್ತಿದ್ದಿದ್ದು. ಜಗಳದ ಮೊದಲ್ನೇ ದಿನ ಹೇಳಿದ್ರೆ ನಮ್ಮಿಬ್ರಿಗೂ ಎರಡೆರಡು ಏಟು ಬಿದ್ದು ಮುಗೀತಿತ್ತು. ಹೆದರ್ಕೊಂಡ್ವಿ. ಇವತ್ತು ತಣ್ಣಗಾಗ್ತಾರೆ, ನಾಳೆ ತಣ್ಣಗಾಗ್ತಾರೆ ಅಂತ ಕಾಯ್ತಾ ಕೂತ್ವಿ. ಆಮೇಲೆ ಹೇಳೋಕೆ ಬಾಯಿ ಎಲ್ಲಿತ್ತು?"

ಅವ್ವನ ಮೇಲೆ ನನಗೆ ವಿಪರೀತ ಕೋಪ ಬಂತು. ಸತ್ತವಳ ಮೇಲೆ ಕೋಪ ಮಾಡಿಕೊಂಡು ಏನು ಪ್ರಯೋಜನ ಎಂದೂ ಅನ್ನಿಸಿತು. ಹುಡುಗಿ ಮೆಲ್ಲಗೆ, "ಹಾಗಾದ್ರೆ ಎಷ್ಟು ಅಗಲ ಬರೆಯೋಣ?" ಎಂದು ಕೇಳಿದಳು.

"ಮಾರಗಲವೇ ಬರಿಯವ್ವ" ಎಂದಳು ಚಿಕ್ಕವ್ವ. "ನಮ್ ಕೈ ಬೀಳೋಕ್ ಮುಂಚೆ ಹೆಂಗಿತ್ತೋ ಹಂಗೆ."

ನಾನು ಗೆರೆ ಎಳೆದೆ. ಆ ಕಡೆಯಿಂದ ಅವಳು, ಈ ಕಡೆಯಿಂದ ನಾನು ಗರಿಕೆ ಹೊಲಿದೆವು. ದಾರ ಗಂಟಾದಾಗ ನನ್ನ ಕೈಯಿಂದ ಕಿತ್ತುಕೊಂಡು ಬಿಡಿಸಿಕೊಟ್ಟಳು. ನನಗೆ ಅರವತ್ತು ಹತ್ತಿರವಾಗುತ್ತಿದೆ ಎಂಬುದು ಒಂದು ಗಳಿಗೆ ಮರೆತೇಹೋಯಿತು.

ಎಲ್ಲರೂ ಬಟ್ಟೆ ಮಡಿಸುವಾಗ ಅವಳ ಪಕ್ಕಕ್ಕೆ ಹೋಗಿ ನಿಂತೆ. "ಚಿಕ್ಕವ್ವ, ಅವತ್ತು ಗೇಟಲ್ಲಿ ನಾನು ಮಾಡಿದ್ದು ದೊಡ್ಡ ತಪ್ಪು. ಮನೆಗೆ ಬಾ. ಇವತ್ತೇ ಬಾ" ಎಂದೆ.

ಅವಳು ಚಪ್ಪಲಿಗೆ ಕಾಲು ತೂರಿಸುತ್ತಿದ್ದವಳು ತಲೆ ಎತ್ತಿ ನನ್ನ ಕೆನ್ನೆ ಸವರಿದಳು.

"ಅವತ್ತು ನಾನು ಬಂದಿದ್ದು ಅಕ್ಕನ್ನ ನೋಡೋಕೆ ಕಣವ್ವ. ಈಗ ಬಂದು ಯಾರನ್ನ ನೋಡ್ಲಿ?"

ಸೊಸೆಯ ತೋಳು ಹಿಡಿದು ನಿಧಾನವಾಗಿ ಮೆಟ್ಟಿಲಿಳಿದಳು. ಕೋಪದಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ.