ಗುಮಾನಿ ಕಟ್ಟು ಹಾಕಿದ ಬೀದಿ

ನನ್ನ ಗೆಳೆಯ ಯಾವ ಚಿತ್ರವನ್ನೂ ಮೊದಲು ಎದುರಿನಿಂದ ನೋಡುತ್ತಿರಲಿಲ್ಲ. ಗೋಡೆಗೆ ಕೆನ್ನೆ ತಾಗಿಸಿ ಪಕ್ಕದಿಂದ ನೋಡುತ್ತಿದ್ದ. ಆಮೇಲೆ ಕೆಳಗಿನ ಅಂಚನ್ನು ಬೆರಳಿನಿಂದ ಎತ್ತಿ ಹಿಂಬದಿಗೆ ಇಣುಕುತ್ತಿದ್ದ. ಮುಖ ಸುಳ್ಳು ಹೇಳಬಹುದು, ಬೆನ್ನು ಹೇಳುವುದಿಲ್ಲ ಎನ್ನುವುದು ಅವನ ವಾದ. ಚಿತ್ರಗಳಿಗೆ ಕಟ್ಟು ಹಾಕುವುದು ಅವನ ಕಸುಬು, ಅನುಮಾನ ಪಡುವುದು ಸ್ವಭಾವ. ಹೊಸ ಗಾಜು ಬಂದರೆ ಬೆಳಕಿಗೆ ಹಿಡಿದು, ಉಗುರಿನಿಂದ ಬಡಿದು, ಸಾಲದೆಂದು ಮೂಸಿಯೂ ನೋಡುತ್ತಿದ್ದ. ಬೀದಿಯವರು ಅವನಿಗೆ ಗುಮಾನಿ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಅವನು ಹೋಗಿ ಒಂದು ಮಳೆಗಾಲ ಕಳೆಯಿತು. ಅವನ ಅಂಗಡಿಯ ಮುಂದೆ ಹಾಯುವಾಗ ನನ್ನ ಕಿವಿ ಈಗಲೂ ಸುತ್ತಿಗೆಯ ಸದ್ದಿಗೆ ಕಾಯುತ್ತದೆ.

ನಾನು ಬಸ್ ನಿಲ್ದಾಣದ ಪಕ್ಕ ಹಳೇ ಪುಸ್ತಕ ಮಾರುವವನು. ರಜೆಯ ದಿನ ನಮ್ಮಿಬ್ಬರಿಗೂ ಒಂದೇ ಹುಚ್ಚು. ಎಂದೂ ಹತ್ತದ ಬಸ್ಸು ಹತ್ತಿ ಕೊನೆಯ ಸ್ಟಾಪಿನಲ್ಲಿ ಇಳಿಯುವುದು, ಅಲ್ಲಿಂದ ಕಣ್ಣಿಗೆ ಬಿದ್ದ ಬಾಗಿಲೊಳಗೆಲ್ಲ ಇಣುಕುತ್ತ ನಡೆದು ಬರುವುದು. ಒಂದು ಕ್ಷೌರದಂಗಡಿಯಲ್ಲಿ, ಗಡ್ಡಕ್ಕೆ ಅರ್ಧ ನೊರೆ ಹಚ್ಚಿಸಿಕೊಂಡು ನಿದ್ದೆ ಹೋದ ಗಿರಾಕಿಯ ಪೆನ್ಸಿಲ್ ಚಿತ್ರ ಸಿಕ್ಕಿತ್ತು. ರದ್ದಿ ಅಂಗಡಿಯಲ್ಲಿ ಹಕ್ಕಿಗಳ ಪುಸ್ತಕವೊಂದು ಸಿಕ್ಕಿತು. ಹಿಂದೆ ಓದಿದ ಯಾವುದೋ ಮಗು ಎಲ್ಲ ಹಕ್ಕಿಗಳಿಗೂ ಬಣ್ಣ ತುಂಬಿ ಕಾಗೆಗೂ ಹಸಿರು ಬಳಿದಿತ್ತು. ಅದನ್ನು ನಾನು ಮಾರಲೇ ಇಲ್ಲ.

ಒಂದು ಕಚೇರಿಯ ಮೆಟ್ಟಿಲ ತಿರುವಿನಲ್ಲಿ ಧೂಳು ಹಿಡಿದ ಸಮುದ್ರದ ಚಿತ್ರವಿತ್ತು. ಇವನು ಹಿಂಬದಿ ಎತ್ತಿದ್ದೇ ಕಾವಲುಗಾರ ಓಡಿ ಬಂದ.

"ಏನ್ ಸ್ವಾಮಿ, ಬಿಚ್ಕೊಂಡ್ ಹೋಗೋ ಪ್ಲಾನಾ?"

"ಬಿಚ್ಕೊಂಡ್ ಹೋಗೋ ಹಾಗಿದ್ರೆ ಇಷ್ಟೊತ್ತಿಗೆ ನೀನೇ ಹೊತ್ಕೊಂಡ್ ಹೋಗಿರ್ತಿದ್ದೆ. ಮೊಳೆ ಅಲ್ಲಾಡ್ತಿದೆ ನೋಡು."

"ನನ್ನ ಮೇಲೇ ಅನುಮಾನಾನಾ?"

"ಎಲ್ರ ಮೇಲೂ ಕಣಯ್ಯಾ. ನಿಂಗೊಬ್ನಿಗೇ ಅಂತ ಏನಿಲ್ಲ."

ಹಳೇ ಸಾಮಾನಿನ ಬೀದಿಗೆ ಹೋದರೆ ಮಾತ್ರ ಅವನು ಬೇರೆ ಮನುಷ್ಯ. ಯಾರದೋ ಮನೆಯಿಂದ ಬಂದ ಹಳೇ ಫೋಟೋಗಳ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಮಗುಚುತ್ತಿದ್ದ. ಅವನ ತಾಯಿಗೆ ಕ್ಯಾಮೆರಾ ಎಂದರೆ ಆಗದು. ಕಂಡರೆ ಒಳಗೆ ಓಡಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಂದೇ ಒಂದು ಫೋಟೋ ಉಳಿಸದೆ ತೀರಿಹೋದರು. "ಊರಿಗೆಲ್ಲ ಕಟ್ಟು ಹಾಕಿದೆ, ಅಮ್ಮನಿಗೆ ಹಾಕೋಕಾಗ್ಲಿಲ್ಲ ನೋಡು," ಎನ್ನುತ್ತಿದ್ದ. ಆ ರಾಶಿಯಲ್ಲಿ ತಾಯಿಯನ್ನು ಹೋಲುವ ಒಂದು ಮುಖವಾದರೂ ಸಿಕ್ಕೀತೇ ಎಂದು ಹುಡುಕಾಟ. ಸಿಗಲಿಲ್ಲ.

ಬುಧವಾರ ಸಂಜೆ ಅಂಗಡಿ ಬೇಗ ಮುಚ್ಚಿ ಒಬ್ಬನೇ ಎಲ್ಲಿಗೋ ಹೋಗುತ್ತಿದ್ದ. ಕೇಳಿದರೆ ಮಾತು ತಿರುಗಿಸುತ್ತಿದ್ದ. ಅವನು ತೀರಿಕೊಂಡ ಮೇಲೆ ಒಂದು ಮಧ್ಯಾಹ್ನ ಅತ್ತಿಗೆ, ಅಂದರೆ ಅವನ ಹೆಂಡತಿ, ನನ್ನ ಅಂಗಡಿಗೆ ಬಂದರು. ಒಂದು ಪುಸ್ತಕ ಎತ್ತಿಕೊಂಡು, ಬಿಚ್ಚದೆ ಅಲ್ಲೇ ಇಟ್ಟರು.

"ಪುಸ್ತಕದೋರೇ, ಬುಧವಾರ ಸಂಜೆ ಅವರು ನಿಮ್ಮ ಹತ್ರಾನೇ ಇರ್ತಿದ್ರಲ್ವಾ?"

ನಾನು ಬಾಯಿ ತೆರೆಯುವುದು ಸ್ವಲ್ಪ ತಡವಾಯಿತು. ಅವರಿಗೆ ಅಷ್ಟೇ ಸಾಕಾಯಿತು.

"ಗೊತ್ತಿತ್ತು ಬಿಡಿ. ನಿಮ್ಮ ಅಂಗಡಿಗೆ ಬಂದ ದಿನ ಅವರ ಬಟ್ಟೆಯೆಲ್ಲಾ ಧೂಳು. ಬುಧವಾರ ಮಾತ್ರ ಫಿನಾಯಿಲ್ ವಾಸನೆ." ಇಟ್ಟ ಪುಸ್ತಕವನ್ನು ಸಾಲಿಗೆ ಸರಿಸಿ ಹೇಳಿದರು, "ಸತ್ತೋರ ಜೊತೆ ಜಗಳ ಆಡೋಕಲ್ಲ. ನಂಗೆ ಅಳೋಕೇ ಆಗ್ತಿಲ್ಲ. ಇನ್ನೇನು ಅಳು ಬಂತು ಅನ್ನೋ ಹೊತ್ತಿಗೆ ಈ ಬುಧವಾರ ಅಡ್ಡ ಬರುತ್ತೆ."

ಪತ್ತೇದಾರಿ ಕಾದಂಬರಿಗಾಗಿ ನನ್ನಲ್ಲಿಗೆ ಬರುವ ಬಸ್ ಕಂಡಕ್ಟರ್ ಒಬ್ಬನಿದ್ದಾನೆ. ಅಷ್ಟರಲ್ಲಿ ಅವನೂ ಬಂದ. ಅತ್ತಿಗೆಯ ಮುಂದೆಯೇ ಕೇಳಿದೆ.

"ಗುಮಾನಿ ಅವರಾ? ಬುಧವಾರ ನನ್ನ ಬಸ್ಸೇ. ಹಲ್ಲಿನ ಡಾಕ್ಟರ ಸ್ಟಾಪಲ್ಲಿ ಇಳೀತಿದ್ರು."

"ಅವರ ಹಲ್ಲಿಗೇನಾಗಿತ್ತು? ಮೊಳೇನೇ ಕಡಿಯೋ ಹಲ್ಲು," ಎಂದರು ಅತ್ತಿಗೆ. "ಡಾಕ್ಟ್ರು ಗಂಡಸಾ, ಹೆಂಗಸಾ?"

"ಹೆಂಗಸು," ಎಂದ ಕಂಡಕ್ಟರ್ ನಾಲಿಗೆ ಕಚ್ಚಿಕೊಂಡು ಪುಸ್ತಕವನ್ನೂ ತೆಗೆದುಕೊಳ್ಳದೆ ಹೊರಟ.

ಮರುದಿನ ಇಬ್ಬರೂ ಹೋದೆವು. ಬಸ್ಸಿನಲ್ಲಿ ಅತ್ತಿಗೆ ಕಿಟಕಿಯಾಚೆ ಒಂದೊಂದೇ ಸ್ಟಾಪು ಎಣಿಸುತ್ತಿದ್ದರು. ನನ್ನ ತಲೆಯಲ್ಲಿ ಹಾಳು ಯೋಚನೆಗಳು. ಜೊತೆಗೆ ಅಷ್ಟು ಬೀದಿ ಸುತ್ತಿದವನು ಈ ಬೀದಿಯನ್ನು ಮಾತ್ರ ನನ್ನಿಂದ ಯಾಕೆ ಬಚ್ಚಿಟ್ಟ?

ದವಾಖಾನೆಯ ನೆಲವನ್ನು ಆಗಷ್ಟೇ ಒರೆಸಿದ್ದರು. ಫಿನಾಯಿಲ್ ಮೂಗಿಗೆ ಬಡಿದದ್ದೇ ಅತ್ತಿಗೆ ನನ್ನತ್ತ ತಿರುಗಿದರು. ಡಾಕ್ಟರು ಹೊರಗೆ ಬಂದರು. ತಲೆಯೆಲ್ಲ ನೆರೆತ, ಅಜ್ಜಿಯ ವಯಸ್ಸಿನ ಹೆಂಗಸು. ಅತ್ತಿಗೆಯ ಮುಖದಲ್ಲಿ ಸಮಾಧಾನಕ್ಕಿಂತ ಮೋಸ ಹೋದ ಭಾವವೇ ಹೆಚ್ಚಿತ್ತು.

"ಚಿತ್ರ ನೋಡೋಕೆ ಬರ್ತಿದ್ರಮ್ಮ," ಎಂದು ಡಾಕ್ಟರು ಗೋಡೆ ತೋರಿಸಿದರು. "ಚಿತ್ರ ಬಿಡಿಸೋರೊಬ್ರು ಹಲ್ಲು ಕಟ್ಟಿಸ್ಕೊಂಡಿದ್ದಕ್ಕೆ ಇದನ್ನ ಕೊಡ್ತೀನಿ ಅಂದಿದ್ರು. ನಿಮ್ಮ ಯಜಮಾನ್ರ ಹತ್ರ ಕಟ್ಟು ಹಾಕೋಕೆ ಕೊಟ್ಟು ಊರೇ ಬಿಟ್ರು. ತಂದು ಗೋಡೆಗೆ ಹಾಕಿದೋರು ನಿಮ್ಮ ಯಜಮಾನ್ರೇ. ಆವತ್ತಿಂದ ವಾರವಾರ ಬಂದು, ಮೊಳೆ ನೋಡ್ಬೇಕು ಅನ್ನೋರು. ಅದ್ಯಾವ ಮೊಳೆ ಇಷ್ಟು ಸಡಿಲ ಆಗುತ್ತೆ ಅಂತ ನಂಗೂ ಅನುಮಾನಾನೇ."

ನಾನು ಚಿತ್ರ ನೋಡಿದೆ. ಸಂಜೆ ಬಿಸಿಲು ಬಿದ್ದ ಒಂದು ಬೀದಿ. ಬಹಳ ಚೆನ್ನಾಗಿತ್ತು, ಇಷ್ಟು ದಿನ ಇದನ್ನು ನೋಡದೆ ಹೋದೆನಲ್ಲ ಅನ್ನಿಸುವಷ್ಟು. ಅತ್ತಿಗೆ ನೋಡಿದ್ದು ಬೇರೆ.

"ಇದು ನಮ್ಮ ಬೀದಿ. ಎದುರು ಮಹಡಿಯಲ್ಲಿ ಬಾಡಿಗೆಗಿದ್ನಲ್ಲ, ಅವನು ಬಿಡಿಸಿದ್ದು. ನಮ್ಮ ಅಂಗಡಿ ಬೋರ್ಡು ಅರ್ಧ ಕಾಣ್ತಿದೆ. ಅದರ ಪಕ್ಕದ ನಮ್ಮನೆ ಕಿಟಕಿ ಎಲ್ಲಿ?" ಹತ್ತಿರ ಹೋಗಿ ಚಿತ್ರದ ಸುತ್ತ ಇದ್ದ ಬಿಳಿ ರಟ್ಟಿನ ಅಂಚನ್ನು ಗೇಣು ಹಾಕಿ ಅಳೆದರು. ಅದಕ್ಕೆ ಕಸುಬಿನವರು ಮೌಂಟ್ ಎನ್ನುತ್ತಾರೆ. ಗಂಡನ ಅಂಗಡಿಯಲ್ಲಿ ಅದನ್ನು ಕತ್ತರಿಸುತ್ತಿದ್ದವರು ಅತ್ತಿಗೆಯೇ. "ಎಡಬಲ ಒಂದೇ ಅಳತೆ ಇರ್ಬೇಕು. ಇಲ್ಲಿ ಬಲಗಡೆ ನಾಲ್ಕು ಬೆರಳು ಜಾಸ್ತಿ. ಅವರು ಜನ್ಮದಲ್ಲಿ ಹೀಗೆ ಕಟ್ಟಿದೋರಲ್ಲ. ನಾನು ಕತ್ತರಿಸಿದ್ದೂ ಅಲ್ಲ ಇದು."

ಬಿಚ್ಚಿ ನೋಡಿ ತಂದುಕೊಡುತ್ತೇವೆ ಎಂದಾಗ ಡಾಕ್ಟರು ಒಪ್ಪಿದರು. ಬಾಗಿಲ ಬಳಿ ಕೂತು ರೋಗಿಗಳ ಚೀಟಿ ಬರೆಯುವ ಹೆಂಗಸು ಒಪ್ಪಲಿಲ್ಲ. "ಅದರ ಬದಲಿಗೆ ಏನಾದ್ರೂ ಇಟ್ಟು ಹೋಗಿ," ಎಂದಳು. ಬಸ್ಸಿನಲ್ಲಿ ಓದಲೆಂದು ತಂದಿದ್ದ ಪುಸ್ತಕ ಕೊಟ್ಟೆ. ಅದನ್ನೂ ಹಿಂದೆ ತಿರುಗಿಸಿ ನೋಡಿಯೇ ಇಟ್ಟುಕೊಂಡಳು.

ಗುಮಾನಿಯ ಅಂಗಡಿಯಲ್ಲಿ ಅತ್ತಿಗೆ ಕಟ್ಟನ್ನು ಬೋರಲು ಹಾಕಿ, ಹಿಂದಿನ ಕಾಗದ ಹರಿದು, ಇಕ್ಕಳದಿಂದ ಮೊಳೆ ಕಿತ್ತರು. ಮೌಂಟ್ ಎತ್ತಿದರು. ಬಲ ಅಂಚಿನಲ್ಲಿ ಅವರ ಮನೆಯ ಕಿಟಕಿ ಇತ್ತು. ಕಿಟಕಿಯಲ್ಲಿ ಹಸಿರು ಶಾಲು ಹೊದ್ದ ಒಬ್ಬ ಹೆಂಗಸು ಬೀದಿಯತ್ತ ನೋಡುತ್ತಿದ್ದಳು.

"ಶಾಲು ನಂದು," ಎಂದರು ಅತ್ತಿಗೆ, ಮೆಲ್ಲಗೆ.

ನನಗೆ ಆ ಬಾಡಿಗೆಯವನಿದ್ದ ಕಾಲದ ಒಂದು ಮಾತು ನೆನಪಾಯಿತು. ಎದುರು ಮಹಡಿಯವನು ದಿನವಿಡೀ ಯಾವ ಕಡೆ ಮುಖ ಮಾಡಿ ಕೂರುತ್ತಾನೆ ಎಂದು ಗುಮಾನಿ ನನ್ನನ್ನು ಕೇಳಿದ್ದ. ನಾನು, ಬೆಳಕು ಬರೋ ಕಡೆ ಎಂದಿದ್ದೆ. ಅದನ್ನು ಅತ್ತಿಗೆಗೆ ಹೇಳಿದೆ.

"ಅಂದ್ರೆ ಅವನ ಕಣ್ಣು ನನ್ನ ಮೇಲಿತ್ತು ಅಂತ ಇಷ್ಟು ವರ್ಷ ಮನಸ್ಸಲ್ಲಿ ಇಟ್ಕೊಂಡಿದ್ರಾ? ನನ್ನನ್ನ ರಟ್ಟಿನಡಿ ಮುಚ್ಚಿಟ್ಟು, ಯಾರಾದ್ರೂ ಬಿಚ್ಚಿದ್ರಾ ಅಂತ ಕಾಯೋಕೆ ಹೋಗ್ತಿದ್ರಾ?" ಇಕ್ಕಳವನ್ನು ಮೇಜಿನ ಮೇಲೆ ಎಸೆದರು. ಚಿತ್ರವನ್ನು ಬಾಗಿಲ ಬೆಳಕಿಗೆ ಒಯ್ದರು. ಅಲ್ಲೇ ನಿಂತುಬಿಟ್ಟರು.

"ಪುಸ್ತಕದೋರೇ, ಇಲ್ಲಿ ಬನ್ನಿ. ಈ ಮೊಣಕೈ ನೋಡಿ."

ಕಿಟಕಿಯ ಹೆಂಗಸು ಬಲ ಮೊಣಕೈಯನ್ನು ಕಟ್ಟೆಗೆ ಊರಿ, ಸೊಂಟದ ಭಾರವನ್ನೆಲ್ಲ ಅದರ ಮೇಲೆ ಬಿಟ್ಟಿದ್ದಳು. ಶಾಲಿನ ಅಂಚಿನಲ್ಲಿ ಒಂದು ಎಳೆ ಬಿಳಿಗೂದಲು.

"ಜಾರಿ ಬಿದ್ದ ಮೇಲೆ ಅತ್ತೆ ಹೀಗೇ ನಿಲ್ತಿದ್ದಿದ್ದು. ಅವರಿಗೆ ಚಳಿ ಅಂತ ಶಾಲು ಕೊಟ್ಟೋಳು ನಾನೇ. ಇವರು ಶಾಲು ನೋಡಿದ್ರು. ಹೊದ್ಕೊಂಡೋರು ಯಾರು ಅಂತ ನೋಡ್ಲಿಲ್ಲ."

ನಾವಿಬ್ಬರೂ ಆ ಪುಟ್ಟ ಮುಖ ನೋಡುತ್ತ ನಿಂತೆವು. ಗುಮಾನಿ ಕಂಡವರ ಮನೆಯ ಫೋಟೋಗಳ ರಾಶಿಯಲ್ಲಿ ಹುಡುಕಿದ ಮುಖ ಅದು.

"ಅಮ್ಮನ್ನ ತಾನೇ ಮುಚ್ಚಿಟ್ಟು ಊರೆಲ್ಲಾ ಹುಡುಕಿದ್ರಲ್ಲಾ, ಪೆದ್ದ," ಎಂದು ಅತ್ತಿಗೆ ನಗತೊಡಗಿದರು. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ನನಗೆ ತಿಳಿಯಲಿಲ್ಲ. ನಾನು ಹೊರಗೆ ಹೋಗಿ ಅಂಗಡಿಯ ಕದವನ್ನು ಅರ್ಧ ಎಳೆದು ನಿಂತೆ.

ಅತ್ತು ಮುಗಿದ ಮೇಲೆ ಕೇಳಿದರು, "ನನ್ನ ನೋಡೋಕೆ ಹೋಗ್ತಿದ್ರಾ, ಕಾಯೋಕೆ ಹೋಗ್ತಿದ್ರಾ?"

"ಗೊತ್ತಿಲ್ಲ ಅತ್ತಿಗೆ." ನಿಜವಾಗಿಯೂ ಗೊತ್ತಿಲ್ಲ.

ಹೊಸ ಮೌಂಟನ್ನು ಅವರೇ ಕತ್ತರಿಸಿದರು, ಎಡಬಲ ಒಂದೇ ಅಳತೆಗೆ. ಮತ್ತೆ ದವಾಖಾನೆಗೆ ಒಯ್ದು ಹೊಸ ಮೊಳೆ ಹೊಡೆದು ತೂಗುಹಾಕಿ, ಗೋಡೆಗೆ ಕೆನ್ನೆ ತಾಗಿಸಿ ಪಕ್ಕದಿಂದ ನೋಡಿದರು. "ಇನ್ನು ಯಾರೂ ಬಂದು ನೋಡ್ಬೇಕಿಲ್ಲ," ಎಂದರು. ಚೀಟಿಯ ಹೆಂಗಸು ನನ್ನ ಪುಸ್ತಕ ಕೊಡಲಿಲ್ಲ. ಅರ್ಧಕ್ಕೆ ಬಂದಿದ್ದೀನಿ, ಮುಗಿಸಿ ಕೊಡ್ತೀನಿ ಎಂದಳು.

ಮುಂದಿನ ಬುಧವಾರ ಕಂಡಕ್ಟರ್ ಬಿಟ್ಟುಹೋದ ಕಾದಂಬರಿಗೆ ಬಂದ. ಆಚೀಚೆ ನೋಡಿ ದನಿ ತಗ್ಗಿಸಿದ.

"ನಿಮ್ಮ ಅತ್ತಿಗೆ ಇವತ್ತು ಒಬ್ರೇ ಹಲ್ಲಿನ ಡಾಕ್ಟರ ಸ್ಟಾಪಲ್ಲಿ ಇಳಿದ್ರು. ಹಲ್ಲು ನೋವಂತಾ?"

"ಮೊಳೆ ನೋಡೋಕಿರ್ಬೇಕು," ಎಂದೆ.