ಟ್ರೆಸಾ ಬೇಲಿ ದಾಟಿಸಿದ ಚೆಂಡು

ಟ್ರೆಸಾ ಹ್ಯೂಲೆಟ್ ತನ್ನ ಕಾಲೇಜಿನ ಪರವಾಗಿ ನಾಲ್ಕು ವರ್ಷ ಸಾಫ್ಟ್‌ಬಾಲ್ ಆಡಿದಳು. ಇನ್ನೂರ ಹನ್ನೊಂದು ಸಲ ಚೆಂಡು ಹೊಡೆದು ಬೇಸ್ ಮುಟ್ಟಿದಳು. ಕೊನೆಯ ವರ್ಷದ ಒಂದು ಭಾನುವಾರದವರೆಗೆ ಅವುಗಳಲ್ಲಿ ಒಂದು ಚೆಂಡೂ ಬೇಲಿ ದಾಟಿರಲಿಲ್ಲ. ದಾಟುವ ಮಾತು ಹಾಗಿರಲಿ, ಬೇಲಿಯ ಬುಡದವರೆಗೆ ಉರುಳಿಕೊಂಡು ಹೋದದ್ದೇ ಎರಡೋ ಮೂರೋ.

ಐದು ಅಡಿ ಒಂದು ಅಂಗುಲದ ಹುಡುಗಿ. ತಾಯಿ ಡಾರ್ಲಾ, ಕೋಲ್ಟರ್ ಬೆಂಡ್ ಎಂಬ ಊರಿನ ಶಾಲಾ ಬಸ್ಸು ಓಡಿಸುವವಳು. ತಂದೆ ಕೋಳಿ ಫಾರಮ್ಮಿನಲ್ಲಿ ದುಡಿದು ಬಂದು ಸೋಫಾದ ಮೇಲೆ ಬೂಟು ಸಮೇತ ನಿದ್ದೆ ಹೋಗುವವನು. ಓಕ್ಲಹೋಮದ ಆ ಮೂಲೆಯಲ್ಲಿ ಹೆಣ್ಣುಮಕ್ಕಳ ಕೈಗೆ ಗೊಂಬೆಗಿಂತ ಮೊದಲು ಬ್ಯಾಟ್ ಬರುತ್ತದೆ. ಟ್ರೆಸಾಳ ಕೈಗೂ ಬಂತು. ಹತ್ತು ವರ್ಷದವಳಿದ್ದಾಗ ಊರಿನ ತರಬೇತುದಾರನೊಬ್ಬ ಅವಳನ್ನು ಮೇಲಿಂದ ಕೆಳಗೆ ನೋಡಿ, "ಗಿಡ್ಡಿ, ನೀನು ಹೊಡಿಯೋದೇನೂ ಬೇಡ. ಎಡಗಡೆ ನಿಂತ್ಕೋ, ಚೆಂಡಿಗೆ ಬ್ಯಾಟ್ ತಗುಲಿಸು, ಓಡು" ಎಂದ. ಎಡಗಡೆ ನಿಂತರೆ ಓಡಿ ಮುಟ್ಟಬೇಕಾದ ಮೊದಲನೇ ಬೇಸು ಎರಡು ಹೆಜ್ಜೆ ಹತ್ತಿರ. ಹುಟ್ಟಾ ಬಲಗೈಯವಳು ಅಂದಿನಿಂದ ಎಡಗಡೆಯವಳಾದಳು. ಚೆಂಡು ಬರುವ ಮೊದಲೇ ಕಾಲು ಕಿತ್ತು, ಓಡುತ್ತಲೇ ಅದಕ್ಕೊಂದು ಏಟು ಕೊಟ್ಟು, ತಲೆ ತಗ್ಗಿಸಿ ಹಾರುವುದು ಅವಳ ಕಸುಬಾಯಿತು. ಚೆಂಡು ಎಲ್ಲಿ ಹೋಯಿತೆಂದು ನೋಡುವ ಹಾಗಿಲ್ಲ. ನೋಡಿದರೆ ಅರ್ಧ ಹೆಜ್ಜೆ ನಷ್ಟ, ಅರ್ಧ ಹೆಜ್ಜೆ ಹೋದರೆ ಔಟ್. ಹನ್ನೆರಡು ವರ್ಷ ಅವಳು ಮೊದಲನೇ ಬೇಸಿಗೆ ಹೋಗುವ ದಾರಿಯ ಮಣ್ಣನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ ಎಂದರೂ ನಡೆದೀತು.

ಆದರೂ ಆಸೆ ಎಂಬುದು ಅಳತೆ ನೋಡಿ ಹುಟ್ಟುವುದಿಲ್ಲವಲ್ಲ. ಒಂದೇ ಒಂದು ಹೋಮ್ ರನ್ ಹೊಡೆಯಬೇಕು, ಚೆಂಡು ಬೇಲಿಯಾಚೆ ಕಳಿಸಿ ನಾಲ್ಕೂ ಬೇಸು ಸುತ್ತಿ ಬರಬೇಕು ಎಂಬುದು ಅವಳ ಹೊಟ್ಟೆಯೊಳಗಿನ ಮಾತು. ತಂಡದ ಕ್ಯಾಚರ್ ಮೀಕಾ ಯಾರ್ಬರೋ ಒಬ್ಬಳಿಗೆ ಮಾತ್ರ ಅದು ಗೊತ್ತಿತ್ತು. ಮೀಕಾ ಎಂದರೆ ಎತ್ತಿನಂಥ ಹೆಗಲಿನ ಹುಡುಗಿ. ಆ ವರ್ಷ ಹದಿನಾಲ್ಕು ಚೆಂಡು ಬೇಲಿಯಾಚೆ ಕಳಿಸಿದ್ದಳು. ಅಭ್ಯಾಸ ಮುಗಿದ ಮೇಲೆ ಇವಳಿಗೆ ಬಕೆಟ್ ತುಂಬ ಚೆಂಡು ಎಸೆದುಕೊಡುತ್ತಿದ್ದಳು.

"ಹೋಮ್ ರನ್ ಬರಲಿ ಅಂತ ಹೊಡೆದ್ರೆ ಬರಲ್ಲ ಕಣೇ," ಎನ್ನುತ್ತಿದ್ದಳು ಮೀಕಾ. "ಆಸ್ಪತ್ರೇಲಿ ಕೈಗೆ ಬಾಟ್ಲಿ ಕೊಟ್ಟು ಉಚ್ಚೆ ಹೊಯ್ಯಿ ಅಂತಾರಲ್ಲ, ಆಗ ಬರುತ್ತಾ? ಹಂಗೇ ಇದು."

"ನಿಂಗೇನು, ಹದಿನಾಲ್ಕು ಸಲ ಹೊಯ್ದಿದೀಯ."

"ಇನ್ನೂರು ಸಲ ಬರೀ ಗಾಳಿಗೆ ಹೊಡೆದಿದೀನಿ, ಅದನ್ನೂ ಎಣಿಸು."

ಸುಳ್ಳಲ್ಲ ಅದು. ಚೆಂಡು ಎಸೆಯುವವಳು ನಿಲ್ಲುವುದು ನಲವತ್ತಮೂರು ಅಡಿ ದೂರದಲ್ಲಿ. ಸೊಂಟದ ಕೆಳಗಿಂದ ತೋಳು ಗಾಣದಂತೆ ತಿರುಗಿಸಿ ಬಿಟ್ಟರೆ, ಅರ್ಧ ಸೆಕೆಂಡು ತುಂಬುವ ಮೊದಲೇ ಮೂಗಿನ ಮುಂದೆ ಇರುತ್ತದೆ. ನೇರವಾಗಿ ಬಂದರೆ ಪುಣ್ಯ, ಎದೆಯ ಹತ್ತಿರ ಬಂದು ಮೇಲಕ್ಕೆ ಜಿಗಿದಂತೆ ಕಾಣುವುದೇ ಹೆಚ್ಚು. ಬ್ಯಾಟೂ ದುಂಡು, ಚೆಂಡೂ ದುಂಡು. ಬೆರಳಿನಷ್ಟು ಮೇಲೆ ತಾಗಿದರೆ ನೆಲಕ್ಕೆ, ಬೆರಳಿನಷ್ಟು ಕೆಳಗೆ ತಾಗಿದರೆ ಬೆನ್ನ ಹಿಂದೆ ಕೂತ ಕ್ಯಾಚರಿನ ತಲೆಯ ಮೇಲೆ. ಇನ್ನೂರು ಅಡಿ ಆಚೆಯ ಬೇಲಿ ದಾಟಬೇಕಾದರೆ ನಡುವಿನ ಒಂದು ಕೂದಲೆಳೆಯ ಜಾಗ ಸಿಗಬೇಕು. ಓಡುತ್ತಾ ಹೊಡೆಯುವವಳಿಗೆ ಅದೂ ಇಲ್ಲ. ಅವಳ ಮೈಭಾರವೆಲ್ಲ ಮೊದಲೇ ಬೇಸಿನ ಕಡೆ ಹೊರಟುಹೋಗಿರುತ್ತದೆ.

ಕೋಚ್ ವೋಂಡಾ ರಕರ್‌ಗೆ ಇಂಥ ಆಸೆಗಳ ಬಗ್ಗೆ ತಾಳ್ಮೆ ಇರಲಿಲ್ಲ. ಆಕೆ ಅದೇ ಕಾಲೇಜಿನಲ್ಲಿ ಓದುವಾಗ ಹುಡುಗರ ಮೈದಾನಕ್ಕೆ ದೀಪ, ಹುಲ್ಲು, ಕೂರಲು ಮೆಟ್ಟಿಲು. ಹುಡುಗಿಯರಿಗೆ ಹಿಂಭಾಗದ ಕಲ್ಲುಮಣ್ಣು, ಬಟ್ಟೆ ಬದಲಿಸಲು ಯಾರದೋ ವ್ಯಾನು. ವೋಂಡಾ ಮತ್ತು ಹನ್ನೊಂದು ಜನ ಹುಡುಗಿಯರು ಹುಡುಗರ ಪಂದ್ಯದ ದಿನ ಮೈದಾನದ ನಟ್ಟನಡುವೆ ಹೋಗಿ ಕೂತರು, ಎತ್ತಿ ಹಾಕಿದರೆ ಮತ್ತೆ ಬಂದು ಕೂತರು. ಮೂರು ವಾರ ಹೀಗೆ ಆದ ಮೇಲೆ ಕಾಲೇಜಿನ ಅಧ್ಯಕ್ಷರಿಗೆ ಹುಡುಗಿಯರೂ ಆಡುತ್ತಾರೆಂದು ಹೊಳೆಯಿತು. ಹಾಗೆ ಸಿಕ್ಕಿದ ಮೈದಾನ ಅದು. ಅದರ ಮೇಲೆ ನಿಂತು ಯಾರಾದರೂ ತಮ್ಮ ಹೆಸರಿಗಾಗಿ ಆಡಿದರೆ ವೋಂಡಾಗೆ ಮೈಯುರಿ.

ಕೊನೆಯ ವರ್ಷ ತಂಡ ಪ್ಲೇಆಫ್‌ಗೆ ಬಂತು. ಮೇ ತಿಂಗಳ ಭಾನುವಾರ, ಎದುರಾಳಿಗಳು ಪಕ್ಕದ ರಾಜ್ಯ ಆರ್ಕನ್ಸಾದ ಒಂದು ಕಾಲೇಜಿನವರು. ಗೆದ್ದವರು ಮುಂದಿನ ವಾರಕ್ಕೆ, ಸೋತವರು ಮನೆಗೆ. ಟ್ರೆಸಾಳ ಮಟ್ಟಿಗೆ ಸೋತರೆ ಆಟವೇ ಮುಗಿದಂತೆ. ಬೇಲಿ ದಾಟದ ಚೆಂಡು ಇನ್ನೆಂದೂ ದಾಟುವಂತಿಲ್ಲ.

ಆ ಪಂದ್ಯದ ಮೂರನೇ ಸುತ್ತಿನಲ್ಲಿ ಮೀಕಾ ಒಂದು ಎಡವಟ್ಟು ಮಾಡಿದ್ದಳು. ಮೊದಲನೇ ಬೇಸಿನಲ್ಲಿದ್ದವಳು, ಗೆಳತಿ ಹೊಡೆದ ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ ಓಡಿಬಿಟ್ಟಳು. ಅದು ಕ್ಯಾಚ್ ಆಯಿತು. ಇವಳು ಬೇಸಿಗೆ ಮರಳುವಷ್ಟರಲ್ಲಿ ಚೆಂಡು ಬಂದು ಇವಳೂ ಔಟ್. ವೋಂಡಾ ಎಲ್ಲರೆದುರಿಗೇ ನೀರಿಳಿಸಿದಳು: "ಚೆಂಡು ಆಕಾಶದಲ್ಲಿದ್ರೆ ನೀನು ಬೇಸ್ ಹತ್ರ ಬಿದ್ದಿರು. ಅದು ಎಲ್ಲಿ ಬಿತ್ತು ಅಂತ ಕಣ್ಣಾರೆ ನೋಡ್ದೆ ಒಂದು ಹೆಜ್ಜೆ ಮುಂದಿಟ್ಯೋ, ಬೂಟು ಕಿತ್ಕೊಂಡು ಬರಿಗಾಲಲ್ಲಿ ಆಡಿಸ್ತೀನಿ."

ಕೊನೆಯ ಸುತ್ತು. ಎರಡಕ್ಕೆರಡು ಸಮ. ಒಬ್ಬಳು ಔಟ್ ಆಗಿದ್ದಾಳೆ. ಮೀಕಾ ಮತ್ತೆ ಮೊದಲನೇ ಬೇಸಿನಲ್ಲಿ. ಅವಳ ಬದಲು ಓಡುವವಳನ್ನು ಹಿಂದಿನ ಸುತ್ತಿನಲ್ಲೇ ಬಳಸಿಯಾಗಿತ್ತು. ಹೊಡೆಯುವ ಸರದಿ ಟ್ರೆಸಾಳದು. ಅವಳು ಬಂದು ನಿಂತದ್ದೇ ಎದುರಾಳಿಗಳೆಲ್ಲ ಒಳಗೆ ಸರಿದರು. ಬೇಲಿಯ ಹತ್ತಿರ ಇರಬೇಕಾದವರೂ ಕೈಗೆಟಕುವಷ್ಟು ಮುಂದೆ ಬಂದು ನಿಂತರು. ಈ ಗಿಡ್ಡಿ ಎಷ್ಟು ದೂರ ಹೊಡೆದಾಳು ಎಂಬ ಅಸಡ್ಡೆ.

ವೋಂಡಾ ಹತ್ತಿರ ಕರೆದು ಅವಳ ಭುಜ ಹಿಡಿದಳು. "ನೋಡ್ದೇನೇ? ನಿನ್ನ ಮಡಿಲಲ್ಲೇ ಬಂದು ಕೂತಿದಾರೆ. ಅವರ ತಲೆ ಮೇಲೆ ಹಾಕು, ಸಾಕು."

"ಬೇಲಿ ಮೇಲೇ ಹಾಕಿಬಿಡ್ಲಾ ಕೋಚ್?"

"ಬೇಲಿ ನಿಮ್ಮಪ್ಪ ಕಟ್ಟಿಸಿದ್ದಾ? ತಲೆ ಮೇಲೆ ಅಂದೆ."

ಟ್ರೆಸಾ ಹೂಂಗುಟ್ಟಿದಳು. ಆದರೆ ಮೊದಲನೇ ಚೆಂಡಿಗೆ ಮೀಕಾಳಂತೆ ಕಾಲೂರಿ ನಿಂತು, ಮೈಯೆಲ್ಲ ತಿರುಚಿ ಬೀಸಿದಳು. ಗಾಳಿಗೆ ಪೆಟ್ಟು ಬಿತ್ತು. ಎರಡನೆಯದಕ್ಕೂ ಹಾಗೆಯೇ ಬೀಸಿ, ತಿರುಗಿದ ರಭಸಕ್ಕೆ ಮಂಡಿ ಊರಿದಳು. ಎದುರಾಳಿಗಳ ಬೆಂಚಿನಿಂದ ಯಾರೋ, "ಏಯ್, ಬಡಿಗೆ ಎತ್ಕೊಂಡ ಇಣಚಿ ನೋಡ್ರೇ!" ಎಂದು ಕೂಗಿ ಕಿಸಕ್ಕೆಂದರು. ಇನ್ನೊಂದು ತಪ್ಪಿದರೆ ಔಟ್. ವೋಂಡಾ ಟೋಪಿ ತೆಗೆದು ತಲೆ ಕೆರೆದುಕೊಂಡಳು. ಅದು ಬೈಗುಳಕ್ಕಿಂತ ಕೆಟ್ಟದ್ದೆಂದು ತಂಡಕ್ಕೆಲ್ಲ ಗೊತ್ತು.

ಟ್ರೆಸಾ ಅಂಗೈಗೆ ಮಣ್ಣು ತಿಕ್ಕಿಕೊಂಡಳು. ಹೋಗಲಿ ಅತ್ತ ಎಂದುಕೊಂಡಳು. ಮೂರನೇ ಚೆಂಡಿಗೆ ತನ್ನ ಹಳೇ ಕಸುಬಿಗೇ ಇಳಿದಳು. ಕಾಲು ಕಿತ್ತಳು, ಓಡುತ್ತಲೇ ಏಟು ಕೊಟ್ಟಳು. ಕೈಗೆ ಏನೂ ತಾಗಿದಂತಾಗಲಿಲ್ಲ, ಬೆಣ್ಣೆ ಕೊಯ್ದ ಹಾಗೆ. ಚೆಂಡು ಎಡಗಡೆ ಮೇಲೆದ್ದಿತು. ಬೆಳಗಿನಿಂದ ಬೀಸುತ್ತಿದ್ದ ದಕ್ಷಿಣದ ಗಾಳಿ ಅದನ್ನು ಎತ್ತಿಕೊಂಡಿತು. ಒಳಗೆ ಬಂದು ನಿಂತಿದ್ದ ಹುಡುಗಿ ತಿರುಗಿ ಬಿದ್ದಂಬೀಳ ಓಡಿದಳು, ಕೈಗವಸು ಚಾಚಿ ಬೇಲಿಗೆ ಡಿಕ್ಕಿ ಹೊಡೆದಳು. ಚೆಂಡು ಬೇಲಿಯಾಚೆ ದನದ ಸಂತೆಯ ಸಗಣಿಯಲ್ಲಿ ಬಿತ್ತು.

ಟ್ರೆಸಾ ಇದೊಂದನ್ನೂ ನೋಡಲಿಲ್ಲ. ಅವಳು ಮಣ್ಣು ನೋಡುತ್ತಾ ಓಡುತ್ತಿದ್ದಳು. ಮೀಕಾ ಬೂಟಿನ ಮಾತು ನೆನೆದು ಬೇಸಿನಿಂದ ಒಂದೇ ಹೆಜ್ಜೆ ದೂರದಲ್ಲಿ, ಬಾಯಿ ತೆರೆದು ಆಕಾಶ ನೋಡುತ್ತಾ ನಿಂತಿದ್ದಳು. ಟ್ರೆಸಾ ಬೇಸು ತುಳಿದು, ಮೀಕಾಳ ಬೆನ್ನ ಹಿಂದಿನಿಂದ ಸುಂಟರಗಾಳಿಯಂತೆ ಹಾದು, ಎರಡನೇ ಬೇಸಿನ ಅರ್ಧ ದಾರಿಗೆ ಹೋದಳು. "ನಿಲ್ಲೇ! ನಿಲ್ಲೇ!" ಎಂದು ತಂಡವೆಲ್ಲ ಅರಚಿದ್ದು ಅವಳಿಗೆ "ಓಡೇ" ಎಂದು ಹುರಿದುಂಬಿಸುವ ಗದ್ದಲವಾಗಿಯೇ ಕೇಳಿತು.

ಅಂಪೈರ್ ಕೈಯೆತ್ತಿದ. ಮುಂದಿರುವ ಓಟಗಾರ್ತಿಯನ್ನು ಹಿಂದಿನವಳು ದಾಟುವಂತಿಲ್ಲ. ದಾಟಿದವಳು ಔಟ್. ಮುಂದಿನವಳು ಮಾತ್ರ ಹೋಗಬಹುದು.

"ಹೋಗೇ ಕತ್ತೆ, ಹೋಗು!" ವೋಂಡಾ ಕಿರುಚಿದಳು. ಮೀಕಾ ಅಳುತ್ತಾ, ಮೂಗು ಒರೆಸಿಕೊಳ್ಳುತ್ತಾ, ಉಳಿದ ಬೇಸುಗಳನ್ನು ಒಂದೊಂದಾಗಿ ಎರಡೂ ಕಾಲಲ್ಲಿ ತುಳಿದು, ಬ್ಯಾಟ್ ಬೀಸುವ ಜಾಗದ ಕೊನೆಯ ಬೇಸನ್ನೂ ಮುಟ್ಟಿದಳು. ಮೂರಕ್ಕೆ ಎರಡು. ಪಂದ್ಯ ಮುಗಿಯಿತು, ಗೆದ್ದರು.

ಹೊಡೆದವಳು ಮಾತ್ರ ಎರಡು ಬೇಸುಗಳ ನಡುವೆ ಬಸ್ಸು ತಪ್ಪಿದವಳಂತೆ ನಿಂತಿದ್ದಳು. ಆಮೇಲೆ ನೆಟ್ಟಗೆ ಮೀಕಾಳ ಹತ್ತಿರ ಹೋದಳು.

"ಕಂಬದ ಥರ ನಿಂತ್ಯಲ್ಲೇ, ಹೆಬ್ಬಾವೇ!"

"ನೀನ್ಯಾಕೇ ಓಡ್ದೆ? ಹೋಮ್ ರನ್ ಹೊಡ್ದೋಳು ಯಾವಳಾದ್ರೂ ಹಂಗೆ ಓಡ್ತಾಳಾ? ಆರಾಮಾಗಿ ಬರಬೇಕು ಕಣೇ!"

"ನಂಗೇನ್ ಗೊತ್ತು ಅದು? ಹಿಂದೆ ಯಾವತ್ತಾದ್ರೂ ಹೊಡ್ದಿದ್ರೆ ತಾನೆ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಗು ಬಂದದ್ದು ಮೀಕಾಳಿಗೆ. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ಮಣ್ಣಿನಲ್ಲೇ ಕುಸಿದರು. ವೋಂಡಾ ಬಂದು ಇಬ್ಬರ ಹೆಲ್ಮೆಟ್ಟಿಗೂ ಒಂದೊಂದು ಕುಟ್ಟಿದಳು.

ಅಂಕ ಬರೆಯುವ ನಿವೃತ್ತ ಅಂಚೆಯವ ಎಮೆಟ್ ಡಿಲ್ ತನ್ನ ಪುಸ್ತಕದಲ್ಲಿ ಒಂದೇ ಬೇಸಿನ ಹೊಡೆತ ಎಂದು ಬರೆದ. ನಿಯಮ ಅಷ್ಟೇ ಹೇಳುತ್ತದೆ. ಡಾರ್ಲಾ ಅವನ ಮೇಜಿನ ಮೇಲೆ ಕೈಯೂರಿ ನಿಂತಳು.

"ಎಮೆಟ್, ನಿನ್ನ ಕಣ್ಣು ಸರಿ ಇದೆಯೇನಪ್ಪ? ಚೆಂಡು ಎಲ್ಲಿ ಬಿತ್ತು?"

"ಸಗಣೀಲಿ ಬಿತ್ತು, ನಾನೂ ನೋಡ್ದೆ ಡಾರ್ಲಾ. ಆದ್ರೆ ನಿನ್ನ ಮಗಳು ಮುಟ್ಟಿದ್ದು ಒಂದೇ ಬೇಸು."

"ಬಿಡಮ್ಮ," ಎಂದಳು ಟ್ರೆಸಾ. "ಅವರು ಬರ್ದಿರೋದು ಸರಿಯಾಗೇ ಇದೆ. ನಡಿ, ಹಸಿವಾಗ್ತಿದೆ."

ಕಾರ್‌ ನಿಲ್ಲಿಸುವ ಜಾಗದಲ್ಲಿ ಚಿಪ್ಸಿನ ಪೊಟ್ಟಣಕ್ಕೇ ಬಿಸಿ ಖಾರದ ಮಾಂಸದ ಸಾರು ಸುರಿದುಕೊಂಡು ಅವಳು ಮೂರು ಪೊಟ್ಟಣ ತಿಂದಳು. ಹೋಗಿಬರುವವರೆಲ್ಲ ಬೆನ್ನು ತಟ್ಟಿದರು, ನಕ್ಕರು, ಅವಳೂ ನಕ್ಕಳು.

ಮುಂದಿನ ವಾರ ತಂಡ ಸೋತಿತು. ಟ್ರೆಸಾ ಆ ಪಂದ್ಯದಲ್ಲಿ ಎರಡು ಸಲ ಓಡಿ ಬೇಸ್ ಮುಟ್ಟಿದಳು, ಬೇಲಿಯ ಗೊಡವೆಗೆ ಹೋಗಲಿಲ್ಲ. ಈಗ ಊರಿನ ನೀರಿನ ಇಲಾಖೆಯಲ್ಲಿ ಮನೆಮನೆಯ ಮೀಟರ್ ನೋಡುತ್ತಾಳೆ. ನಾಯಿಗಳು ಅಟ್ಟಿಸಿಕೊಂಡು ಬಂದರೂ ಇವತ್ತಿನವರೆಗೆ ಒಂದಕ್ಕೂ ಸಿಕ್ಕಿಲ್ಲ. ಕಾಲೇಜಿನಲ್ಲಿ ಎಷ್ಟು ಹೋಮ್ ರನ್ ಹೊಡೆದೆ ಎಂದು ಯಾರಾದರೂ ಕೇಳಿದರೆ, ತಡವರಿಸದೆ ಹೇಳುತ್ತಾಳೆ: "ಹೊಡೆದಿದ್ದು ಒಂದು. ಪುಸ್ತಕದಲ್ಲಿ ಸೊನ್ನೆ. ನಿಮಗೆ ಯಾವುದು ಬೇಕೋ ಇಟ್ಕೊಳ್ಳಿ." ಹಾಗೆಂದು ಬಗ್ಗಿ, ಮೀಟರಿನ ಮುಚ್ಚಳ ಎತ್ತುತ್ತಾಳೆ.